ಎಡಗಡೆಯ ಸೀಟು

"ಗುರುಗಳೇ, ಹೊರೆಯನ್ನೆಲ್ಲ ಇಳಿಸಿದ್ದೇನೆ. ಆದರೂ ಮನಸ್ಸು ಯಾಕೆ ಹಗುರಾಗಲಿಲ್ಲ?" ಎಂದು ಶಿಷ್ಯ ಕೇಳಿದ.

ಆ ಬೆಳಿಗ್ಗೆ ಅವನ ಅಕ್ಕ ಎರಡು ಬಸ್ಸು ಬದಲಿಸಿ ಆಶ್ರಮಕ್ಕೆ ಬಂದಿದ್ದಳು. ಧ್ಯಾನಕ್ಕೆ ಅಡ್ಡಿಯಾಗುತ್ತದೆಂದು ಅವನು ಹೊರಗೇ ಬರಲಿಲ್ಲ. ಅವಳಿನ್ನೂ ಬಾಗಿಲ ಬಳಿಯ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಗುರುಗಳು ಆ ಮಾತೆತ್ತದೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಹೆಂಡತಿ ಮಕ್ಕಳಿರಲಿಲ್ಲ. ತನ್ನವನು ಅಂತ ಇದ್ದದ್ದು ಒಬ್ಬನೇ ಗೆಳೆಯ, ಲಾರಿ ಡ್ರೈವರ್. ಇಬ್ಬರಿಗೂ ಒಂದೇ ಹುಚ್ಚು: ಜಪಾನಿನ ಹಳೆಯ ಕಾಲದ ಒಂದು ಪುಟ್ಟ ಕಾರು. ಅಲ್ಲಿ ಬೆಟ್ಟದ ತಿರುವುಗಳಲ್ಲಿ ಅದನ್ನು ಬೇಕೆಂದೇ ಅಡ್ಡಡ್ಡ ಜಾರಿಸಿಕೊಂಡು ಓಡಿಸುತ್ತಾರೆ; ಅದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ಗೆಳೆಯರು ಅಂಗಡಿಯಲ್ಲಿ ಕೂತು, ಒಂದೇ ಫೋನಿಗೆ ಎರಡು ತಲೆ ತಾಗಿಸಿ, ಆ ವಿಡಿಯೋ ನೋಡುತ್ತಿದ್ದರು. ಅಂಥ ಕಾರನ್ನು ಮುಟ್ಟುವ ಯೋಗವೂ ತಮಗಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಡ್ರೈವರ್ ಪ್ರತಿ ಸಲ, ಓಡಿಸುವವನು ನೀನು, ಪಕ್ಕದಲ್ಲಿ ಕೂರುವವನು ನಾನು, ನನಗೆ ಸ್ಟೇರಿಂಗ್ ಹಿಡಿದು ಸಾಕಾಗಿದೆ ಎನ್ನುತ್ತಿದ್ದ.

ಮುಂದೆ ಡ್ರೈವರಿಗೆ ಉತ್ತರದ ಕಡೆಯ ಲಾರಿ ಸಿಕ್ಕಿತು. ಊರಿಗೆ ಬರುವುದು ವರ್ಷಕ್ಕೊಮ್ಮೆ ಎಂದಾಯಿತು. ಅಂಗಡಿಯಲ್ಲಿ ಗಡಿಯಾರಗಳು ತಲೆಗೊಂದು ಹೊತ್ತು ತೋರಿಸುತ್ತಿದ್ದವು. ಮಾತಾಡಲು ಮಾತ್ರ ಯಾರೂ ಇರಲಿಲ್ಲ. ರಿಪೇರಿಯವನಿಗೆ ಅವನಿಲ್ಲದೆ ಬಹಳ ಬೇಸರವಾಗುತ್ತಿತ್ತು. ಆ ಕಾರನ್ನು ಕಾಗದದಲ್ಲಿ ಮಾಡಿಡೋಣ, ಗೆಳೆಯ ಬಂದಾಗ ಖುಷಿಪಡಲಿ, ಆ ನೆಪದಲ್ಲಿ ನಾಲ್ಕು ದಿನ ಹೆಚ್ಚಿಗೆ ಉಳಿಯಲಿ ಎಂದುಕೊಂಡ.

ದಪ್ಪ ಹಾಳೆಯ ಮೇಲೆ ತೊಂಬತ್ತು ತುಂಡುಗಳ ನಕ್ಷೆ ಪ್ರಿಂಟು ಹಾಕಿಸಿಕೊಂಡು ಬಂದ. ಇಂಕು ಮುಗಿದ ಪೆನ್ನಿನಿಂದ ಮಡಿಕೆಯ ಗೆರೆ ಎಳೆದ. ಸೂಜಿಮೊನೆಯಲ್ಲಿ ಗೋಂದು ಹಚ್ಚಿದ. ತುಂಡು ಹಾರೀತೆಂದು ಸೆಕೆಯಲ್ಲೂ ಫ್ಯಾನು ಹಾಕಲಿಲ್ಲ. ಮುಂದಿನ ಬಂಪರು ಮೂರು ಸಲ ಕೆಟ್ಟಿತು, ನಾಲ್ಕನೆಯದು ಕೂತಿತು. ಚಿಮಟಕ್ಕೆ ಪಳಗಿದ ಕೈ, ಕೇಳಬೇಕೆ!

ಅಷ್ಟರಲ್ಲಿ ಅವನು ಎಲ್ಲೋ ಒಂದು ಸಂಗತಿ ಓದಿದ. ನಿಜವಾದ ಡ್ರಿಫ್ಟ್ ಕಾರಿನಲ್ಲಿ ಭಾರ ಕಡಿಮೆಯಾಗಲೆಂದು ಹಿಂದಿನ ಸೀಟನ್ನೂ ಎಡಗಡೆಯ ಸೀಟನ್ನೂ ಕಿತ್ತು ಹಾಕುತ್ತಾರಂತೆ. ಓದಿದ ಮೇಲೆ ಅವನಿಗೆ ಸಮಾಧಾನವಿಲ್ಲ. ಮಾಡಿದರೆ ಅಸಲಿನ ಹಾಗೇ ಮಾಡಬೇಕು. ನಕ್ಷೆಯಲ್ಲಿದ್ದ ಆ ಎರಡೂ ಸೀಟುಗಳನ್ನು ಕತ್ತರಿಸದೆ, ಉಳಿದ ಚೂರುಗಳ ಜೊತೆ ಮುದುರಿ ಕಸದ ಬುಟ್ಟಿಗೆ ಹಾಕಿದ. ಆಮೇಲೆ ಮೇಲಿನ ಟಾಪು ಅಂಟಿಸಿದ. ಟಾಪು ಕೂತ ಮೇಲೆ ಒಳಗೆ ಕೈ ಹೋಗುವುದಿಲ್ಲ. ತನ್ನ ಕೆಲಸ ನೋಡಿ ತಾನೇ ಬೀಗಿದ.

ಡ್ರೈವರ್ ಒಂದು ವಾರ ರಜೆ ಹಾಕಿಕೊಂಡು ಬಂದ. ಕಾರನ್ನು ಅಂಗೈ ಮೇಲಿಟ್ಟುಕೊಂಡ. ಗೆಳೆಯನ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಕಿಟಕಿಯೊಳಗೆ ಬಹಳ ಹೊತ್ತು ನೋಡಿದ.

"ನಾನೆಲ್ಲಿ ಕೂತ್ಕೊಳ್ಳೋದೋ?" ಎಂದು ಕೇಳಿದ.

"ಓಡ್ಸೋರು ಆ ಸೀಟು ಕಿತ್ತಾಕ್ತಾರೆ ಕಣೋ. ಗಾಡಿ ಹಗುರ ಇರ್ಬೇಕು" ಎಂದು ರಿಪೇರಿಯವನು ಹುಮ್ಮಸ್ಸಿನಿಂದ ವಿವರಿಸಿದ.

ಚೆನ್ನಾಗಿದೆ ಎಂದು ಹೇಳಿ ಡ್ರೈವರ್ ಕಾರನ್ನು ಮೇಜಿನ ಮೇಲಿಟ್ಟ. ಟೀ ಕುಡಿದ. ಮರುದಿನವೇ, ಲೋಡು ಬಂದಿದೆಯೆಂದು ಹೇಳಿ ಬಸ್ಸು ಹತ್ತಿದ. ಮುಂದಿನ ವರ್ಷ ಬರಲಿಲ್ಲ. ಫೋನು ಮಾಡಿದರೆ, ನೋಡೋಣ ಎನ್ನುತ್ತಿದ್ದ.

ರಿಪೇರಿಯವನಿಗೆ ತಡವಾಗಿ ಅರ್ಥವಾಯಿತು. ನಕ್ಷೆಯನ್ನು ಮತ್ತೆ ಪ್ರಿಂಟು ಹಾಕಿಸಿ ಎಡಗಡೆಯ ಸೀಟನ್ನು ಮಾಡಿದ. ಅದು ಹೆಬ್ಬೆರಳಿನ ಉಗುರಿನಷ್ಟಿತ್ತು. ಒಳಗಿಡಬೇಕೆಂದರೆ ಟಾಪು ಹರಿಯಬೇಕು. ಬ್ಲೇಡು ಹಿಡಿದು ಕೂತ, ಆದರೆ ಅಷ್ಟು ಚೆಂದದ ಕೆಲಸವನ್ನು ಹರಿಯಲು ಕೈ ಬರಲಿಲ್ಲ. ಈಗಲೂ ಕಾರು ಮೇಜಿನ ಮೇಲಿದೆ, ಸೀಟು ಅದರ ಪಕ್ಕದಲ್ಲಿದೆ. ದಿನಾ ಅಂಗಡಿ ಮುಚ್ಚುವ ಮುಂಚೆ ಅವನು ಎರಡರ ಧೂಳನ್ನೂ ಒರೆಸುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಇದು ಸರಿಕಾಣಲಿಲ್ಲ. ರಿಪೇರಿಯವನ ತಪ್ಪೇನಿದೆ, ಅಂಥ ಹಾದಿಯಲ್ಲಿ ಓಡುವ ಗಾಡಿ ಹಗುರವಾಗಿಯೇ ಇರಬೇಕಲ್ಲವೇ ಎಂದು ವಾದಿಸಿದ.

ಗುರುಗಳು ಕಲ್ಲುಬೆಂಚಿನ ಕಡೆ ಒಮ್ಮೆ ನೋಡಿ ಕೇಳಿದರು:

"ಕಾಗದದ ಸೀಟು ಎಷ್ಟು ಭಾರವಿತ್ತಪ್ಪಾ?"