ಕೊನೆಯ ಗದ್ದೆಯ ನೀರುಗಂಟಿ

"ಮೇಡಂ, ಫೆಲೋಶಿಪ್ ಅರ್ಜಿಯಲ್ಲಿ ನಮ್ಮಪ್ಪನ ಕೆಲಸ ಬರೆಯಲೇಬೇಕೆ?" ಎಂದು ಕೇಳಿದಳು ಮುನಿಲಕ್ಷ್ಮಿ.

ಅವಳು ಎಂ.ಟೆಕ್. ಎರಡನೆಯ ವರ್ಷದವಳು. ಕೆರೆಯ ನೀರು ಪೋಲಾಗದಂತೆ ಹಂಚುವ ಯಂತ್ರದ ಮೇಲೆ ಅವಳ ಪ್ರಬಂಧ. ಪ್ರಬಂಧದ ಗೈಡ್ ವಿಶಾಲಾಕ್ಷಿ ಮೇಡಂ.

"ಬರೆದರೆ ಏನಾಗುತ್ತದೆ?"

"ಸುಸ್ಥಿರತೆಯಲ್ಲಿ ನಿಮಗೆ ಆಸಕ್ತಿ ಹೇಗೆ ಹುಟ್ಟಿತು ಅಂತ ಕೇಳಿದ್ದಾರೆ. ಒಂದು ವಿಚಾರ ಸಂಕಿರಣ ಕೇಳಿ ಹುಟ್ಟಿತು ಅಂತ ಬರೆದಿದ್ದೇನೆ. ಅಪ್ಪ ಊರಿನ ನೀರುಗಂಟಿ ಮೇಡಂ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡೋದು ಕೆಲಸ. ಓದಿಲ್ಲ. ಕೆರೆ ಕಾಯೋನ ಮಗಳು ಯಂತ್ರ ಮಾಡ್ತಾಳಂತೆ ಅಂತ ನಕ್ಕು ಪಕ್ಕಕ್ಕಿಟ್ಟರೆ? ಇದು ತಪ್ಪಿದರೆ ನನ್ನ ಓದು ಇಲ್ಲಿಗೇ ನಿಲ್ಲುತ್ತದೆ."

ಮೇಡಂ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಕೆರೆ ಇತ್ತು. ಕಾಲುವೆಯ ಕಟ್ಟಕಡೆಯ ಗದ್ದೆ ಯಾರದೋ ಅವನೇ ನೀರುಗಂಟಿಯಾಗಬೇಕು ಎಂಬುದು ಆ ಊರಿನ ಕಟ್ಟಳೆ. ಯಾಕೆಂದು ಯಾರೂ ಕೇಳಿರಲಿಲ್ಲ.

ಒಮ್ಮೆ ದೊರೆ ಅಲ್ಲಿಗೆ ಬಂದ. ಸುತ್ತಲ ಊರುಗಳಲ್ಲಿ ನೀರಿಗಾಗಿ ಹೊಡೆದಾಟ. ಇಲ್ಲಿ ಒಂದು ಬೈಗುಳವೂ ಇಲ್ಲ.

"ನೀರನ್ನು ಯಾವುದರಿಂದ ಅಳೆಯುತ್ತೀಯಪ್ಪಾ?" ಎಂದು ನೀರುಗಂಟಿಯನ್ನು ಕೇಳಿದ.

"ಅಳೆಯೋದು ಗೊತ್ತಿಲ್ಲ ಬುದ್ಧಿ. ನನ್ನ ಗದ್ದೆ ನೆನೆದ ಮೇಲೆ ತೂಬು ಮುಚ್ಚುತ್ತೇನೆ."

ದೊರೆಯ ಜೊತೆಗಿದ್ದ ಪಂಡಿತರು ನಕ್ಕರು. ದೊರೆ ನಗಲಿಲ್ಲ, ಮರುಗಿದ. ಗೆರೆ ಕೊರೆದ ಅಳತೆಗೋಲೊಂದನ್ನು ಕೊಡಿಸಿದ. ಇಂಥ ಕೆಲಸಗಾರನಿಗೆ ಕೊನೆಯ ಗದ್ದೆಯೇ ಎಂದು, ತೂಬಿನ ಪಕ್ಕದಲ್ಲಿದ್ದ ತನ್ನದೇ ಗದ್ದೆಯನ್ನು ಬರೆದುಕೊಟ್ಟ. ಕೊನೆಯ ಗದ್ದೆ ಒಬ್ಬ ವಿಧವೆಯ ಪಾಲಿಗೆ ಹೋಯಿತು; ಕಟ್ಟಳೆ ಮುರಿದು ನೀರುಗಂಟಿಯ ಕೆಲಸ ಮಾತ್ರ ಅವನಲ್ಲೇ ಉಳಿಯಿತು. ಊರಿಗೆ ಊರೇ ಹಿಗ್ಗಿತು.

ಆ ವರ್ಷ ನೀರುಗಂಟಿ ಗೆರೆ ತಪ್ಪದೆ ನೀರು ಬಿಟ್ಟ. ಕೋಲು ಸರಿಯಾಗಿಯೇ ಇತ್ತು. ಬೆಳಗ್ಗೆ ಎದ್ದರೆ ಅವನ ಗದ್ದೆ ತುಂಬಿರುತ್ತಿತ್ತು. ಕಾಲುವೆಯಲ್ಲಿ ಹೂಳು ಕಟ್ಟಿದ್ದು, ಏಡಿ ಬಿಲ ತೋಡಿದ್ದು, ಯಾರೋ ಬದು ಒಡೆದು ನೀರು ತಿರುಗಿಸಿಕೊಂಡದ್ದು ಅವನಿಗೆ ತಿಳಿಯಲಿಲ್ಲ. ಅತ್ತ ಹೋಗುವ ಕೆಲಸವೇ ಅವನಿಗಿರಲಿಲ್ಲವಲ್ಲ.

ಪೈರು ಕಾಳು ಕಟ್ಟುವ ಹೊತ್ತಿಗೆ ಆ ವಿಧವೆ ಬಂದಳು. ಒಣಗಿದ ತೆನೆಯೊಂದನ್ನು ಅವನ ಮುಂದಿಟ್ಟಳು.

"ಅಣ್ಣಾ, ನಿನ್ನ ಕೋಲಿಗೆ ಇದನ್ನು ತೋರಿಸು," ಎಂದಳು.

ಅಂದೇ ಅವನು ದೊರೆಯ ಬಳಿಗೆ ಹೋದ. "ಕೋಲು ಇರಲಿ ಬುದ್ಧಿ, ಒಳ್ಳೆಯ ಕೋಲು. ಗದ್ದೆ ವಾಪಸು ತಗೊಳ್ಳಿ. ಎಷ್ಟು ಬಿಟ್ಟೆ ಅಂತ ಕೋಲು ಹೇಳುತ್ತೆ. ಎಷ್ಟು ಮುಟ್ಟಿತು ಅಂತ ಹೇಳುತ್ತಿದ್ದದ್ದು ನನ್ನ ಹಳೆಯ ಗದ್ದೆ," ಎಂದ. ಹೊಸ ಗದ್ದೆಯನ್ನು ಆ ವಿಧವೆಗೇ ಕೊಡಿಸಿ, ತಾನು ಕೊನೆಯ ಗದ್ದೆಗೆ ಮರಳಿದ.

ಕತೆ ಮುಗಿಯಿತು. ಮುನಿಲಕ್ಷ್ಮಿ ಅರ್ಜಿಯನ್ನೇ ನೋಡುತ್ತ ಕೂತಳು.

"ನಮ್ಮದೂ ಕೊನೆಯ ಗದ್ದೆಯೇ ಮೇಡಂ. ನನ್ನ ಯಂತ್ರದ ಸೆನ್ಸರ್ ಇಟ್ಟಿರೋದೂ ಅಲ್ಲೇ. ಎಲ್ಲರೂ ತೂಬಿನ ಹತ್ತಿರ ಇಡುತ್ತಾರೆ. ನನಗೆ ಯಾಕೋ ಅದು ಸರಿ ಅನ್ನಿಸಲಿಲ್ಲ."

"ಗೊತ್ತು," ಎಂದರು ಮೇಡಂ. "ನಿನ್ನ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ತಜ್ಞರನ್ನು ಕರೆಸಬೇಕು; ನಿಮ್ಮಪ್ಪನವರಿಗೆ ಬಿಡುವು ಯಾವತ್ತು ಅಂತ ಕೇಳಿ ಹೇಳು."