ಮಾಗಿ ಸಂಜೆಯ ಕರಿ ಅತ್ತರು

"ಮಲ್ಲಿಗೆ, ಸಂಪಿಗೆ ಯಾರಿಗೆ ಬೇಕು? ಮಾಗಿಯ ಸಂಜೆ ನಾನು ಓಲಗಕ್ಕೆ ಬಂದರೆ ಚಳಿಯೇ ಎದ್ದು ನಿಂತು ಕೈಮುಗಿಯಬೇಕು. ಅಂಥ ಅತ್ತರು ತಯಾರಿಸಿ!" ಎಂದು ಕರಿಗಲ್ಲು ದುರ್ಗದ ಅರಸ ಹಂಪಣ್ಣ ನಾಯಕ ಗುಡುಗಿದ.

ಅತ್ತರು ಕಾಸುವ ಮುದುಕಿ ಹೊಂಬವ್ವ ಒಪ್ಪಿಕೊಂಡಳು. ಅಗರು, ಪುನುಗು, ಲವಂಗ ಹಾಕಿ ತಿಂಗಳುಗಟ್ಟಲೆ ಕಾಸಿ, ಕಾಡಿಗೆಯಷ್ಟು ಕಪ್ಪಗಿನ ಅತ್ತರನ್ನು ಒಂದು ಸೀಸೆ ತುಂಬಿ ಕಳಿಸಿದಳು.

ಅರಮನೆಗೆ ಏನೇ ಬಂದರೂ ಕೋಟೆ ಬಾಗಿಲಲ್ಲಿ ದಳವಾಯಿ ಕೆಂಚರಾಯ ಪರೀಕ್ಷಿಸಬೇಕು. ಅದು ಅಲ್ಲಿನ ಪದ್ಧತಿ. ಬೆಣ್ಣೆ ಬಂದರೂ ಪರೀಕ್ಷೆ, ಬೆಲ್ಲ ಬಂದರೂ ಪರೀಕ್ಷೆ. ಆತ ಎಷ್ಟು ನಿಷ್ಠಾವಂತ ಎಂಬುದು ಹೊಟ್ಟೆ ನೋಡಿದರೇ ತಿಳಿಯುತ್ತಿತ್ತು.

ಸಂಜೆ ಓಲಗದಲ್ಲಿ ಕೆಂಚರಾಯ ಖಾಲಿ ಸೀಸೆ ಎತ್ತಿ ತೋರಿಸಿದ. "ಮಹಾಸ್ವಾಮಿ, ಮೋಸ! ಬೆಳಗಿನಿಂದ ಮೂಸಿದರೂ ಎಳ್ಳಷ್ಟು ವಾಸನೆ ಇಲ್ಲ. ಬರೀ ಎಣ್ಣೆ. ಚರಂಡಿಗೆ ಚೆಲ್ಲಿಬಿಟ್ಟೆ."

ಅತ್ತರು ಹೇಗಿದೆಯೆಂದು ಕೇಳಲು ಓಲಗಕ್ಕೆ ಬಂದಿದ್ದ ಹೊಂಬವ್ವ ಮುಂದೆ ಓಡಿಬಂದಳು. "ಬುದ್ಧೀ, ಚಳೀಲಿ ಅದು ಮಲಗಿರ್ತದೆ. ಬೆಚ್ಚಗಾದ್ರೆ ತಾನೇ ಏಳ್ತದೆ!"

"ಚೆಲ್ಲಿದ ಮೇಲೆ ಏನು ಬೇಕಾದರೂ ಹೇಳಬಹುದು," ಎಂದು ದಳವಾಯಿ ನಕ್ಕ.

ಅರಸನ ಮುಖ ಕೆಂಪಾಯಿತು. "ಮುದುಕಿ, ನಾಳೆಯೇ ದುರ್ಗ ಬಿಟ್ಟು ಹೊರಡು!"

ಹುಟ್ಟಿದ ಊರು. ಪಾಪ, ಹೊಂಬವ್ವ ಅಲ್ಲೇ ಕುಸಿದು ಅಳತೊಡಗಿದಳು.

ಆಸ್ಥಾನದ ಜಾಣ ಕೋನೇರಯ್ಯ ಮಾತ್ರ ದಳವಾಯಿಯ ಮೀಸೆಯನ್ನೇ ನೋಡುತ್ತಿದ್ದ. ಅದು ಇವತ್ತು ಎಂದಿಗಿಂತ ಹೆಚ್ಚು ಮಿರಮಿರ ಮಿಂಚುತ್ತಿತ್ತು.

"ದಳವಾಯಿಗಳೇ, ಒಂದು ಹನಿಯನ್ನಾದರೂ ಸವರಿ ನೋಡಿದಿರಾ?"

"ಅರಸರ ವಸ್ತುವನ್ನು ನಾನು ಮುಟ್ಟುವುದೇ? ಛೇ, ಒಂದು ಹನಿಯೂ ಇಲ್ಲ!"

"ಭೇಷ್! ಮಹಾಸ್ವಾಮಿ, ಇಂಥ ಪ್ರಾಮಾಣಿಕರನ್ನು ಬಾಗಿಲ ಬಳಿ ಚಳಿಯಲ್ಲಿ ಕೂರಿಸುವುದೇ? ಅಗ್ಗಿಷ್ಟಿಕೆ ಪಕ್ಕ ಪೀಠ ಹಾಕಿಸಿ."

ಕೆಂಚರಾಯ ಉಬ್ಬಿಹೋದ. ಕೆಂಡದ ಮುಂದೆ ಕೂತು ತನ್ನ ಪ್ರಾಮಾಣಿಕತೆಯನ್ನು ತಾನೇ ಬಣ್ಣಿಸತೊಡಗಿದ. ಮುಖಕ್ಕೆ ಬಿಸಿ ತಾಗಿತು. ಮೀಸೆ ಬೆಚ್ಚಗಾಯಿತು. ಘಮ್ಮೆಂದು ಓಲಗವೆಲ್ಲ ತುಂಬಿಕೊಂಡಿತು! ಕಂಬಳಿ ಹೊದ್ದು ಮುದುಡಿದ್ದವರೂ ಮೂಗರಳಿಸಿ ಎದ್ದು ನಿಂತರು.

"ಆಹಾ! ಎಲ್ಲಿಂದ ಬರುತ್ತಿದೆ ಇದು?" ಎಂದ ಅರಸ.

ಕೋನೇರಯ್ಯ ಕಂಬ ಮೂಸಿದ, ಪುರೋಹಿತರ ಶಾಲು ಮೂಸಿದ, ಕೊನೆಗೆ ಕೆಂಚರಾಯನ ಮುಂದೆ ನಿಂತ. "ಸಿಕ್ಕಿತು ಮಹಾಸ್ವಾಮಿ. ದಳವಾಯಿಗಳು ಹೇಳಿದ ಚರಂಡಿ ಅವರ ಮೂಗಿನ ಕೆಳಗೇ ಇದೆ."

ಕೆಂಚರಾಯ ಕಾಲಿಗೆ ಬಿದ್ದ. "ತಪ್ಪಾಯ್ತು ಮಹಾಸ್ವಾಮಿ! ವಾಸನೆ ಬರಲಿಲ್ಲ ಅಂತ ಇನ್ನೊಂದು ಹನಿ, ಇನ್ನೊಂದು ಹನಿ ಸವರುತ್ತಾ ಹೋದೆ... ಸೀಸೆ ಮುಗಿದೇಹೋಯಿತು."

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ತಾನು ಹೊದ್ದಿದ್ದ ಶಾಲು ತೆಗೆದು ಹೊಂಬವ್ವನಿಗೆ ಹೊದಿಸಿ, "ನೀನೆಲ್ಲಿಗೂ ಹೋಗಬೇಡ, ತಾಯಿ. ಇನ್ನೊಂದು ಸೀಸೆ ಕಾಸು," ಎಂದ. ಆಮೇಲೆ ಪೆಚ್ಚಾಗಿ, "ಕೋನೇರಯ್ಯ, ಅಲ್ಲಿಯವರೆಗೆ ನಾನೇನು ಮಾಡಲಿ?" ಎಂದು ಕೇಳಿದ.

"ಸೀಸೆ ಬದಲಾಗಿದೆ ಅಷ್ಟೇ, ಮಹಾಸ್ವಾಮಿ. ದಿನಾ ಸಂಜೆ ಈ ಸೀಸೆಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಚೆನ್ನಾಗಿ ಕಾಯಿಸಿ!"