ಬಾಗಿಲಿನ ಬಿಳಿ ಬಟ್ಟೆ

“ಬುದ್ಧಿ, ನೀವು ಹೇಳಿಕೊಟ್ಟ ಹಾಗೆಯೇ ದಿನಾ ಕೂರುತ್ತಿದ್ದೇನೆ. ಮನಸ್ಸು ತಣ್ಣಗಾಗಿದೆ. ಆದರೆ ತಣ್ಣಗಾದ ಮೇಲೆ ಇಷ್ಟು ಒಂಟಿ ಅನಿಸುವುದು ಯಾಕೆ?”

ಕೇಳಿದವನು ಹಾಲೇಶಪ್ಪ. ಊರಿನಲ್ಲಿ ಅವನಿಗೆ ಮಂಡಕ್ಕಿ ಹುರಿಯುವ ಮೂರು ಭಟ್ಟಿಗಳಿದ್ದವು. ಕೇಳಿಸಿಕೊಂಡವರು ಊರಾಚೆಯ ಚಿಕ್ಕ ಮಠದ ಸ್ವಾಮಿಗಳು.

ಎರಡು ವರ್ಷದ ಹಿಂದೆ ಇದೇ ಹಾಲೇಶಪ್ಪ ಇದೇ ಮಠದ ಜಗಲಿಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ. ಆಗ ಭತ್ತದ ದರ ಏರಿದರೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು, ಇಳಿದರೂ ಹೊಡೆದುಕೊಳ್ಳುತ್ತಿತ್ತು. ಭಟ್ಟಿಗೆ ಒಬ್ಬ ಆಳು ಬಾರದಿದ್ದರೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಡಾಕ್ಟರು ಬಿಪಿ ಮಾತ್ರೆ ಬರೆದುಕೊಟ್ಟು, ಹೀಗೇ ಹೋದರೆ ಭಟ್ಟಿಗಿಂತ ಮೊದಲು ನೀನು ಆರಿಹೋಗುತ್ತೀಯ ಎಂದು ಹೆದರಿಸಿ ಕಳಿಸಿದ್ದರು. ಸ್ವಾಮಿಗಳು ಅವನಿಗೆ ಉಸಿರಿನ ಮೇಲೆ ಗಮನವಿಟ್ಟು ಕೂರುವುದನ್ನು ಕಲಿಸಿದರು. ಹಾಲೇಶಪ್ಪ ಹಿಡಿದ ಕೆಲಸ ಬಿಡುವವನಲ್ಲ. ಬೆಳಿಗ್ಗೆ ಎದ್ದು ಕೂತ, ದಿನವೂ ಕೂತ. ಮಾತ್ರೆಯೂ ಅರ್ಧಕ್ಕೆ ಇಳಿಯಿತು. ಹಾಲೇಶಪ್ಪ ಬದಲಾಗಿದ್ದಾನೆ ಎಂದು ಊರೆಲ್ಲ ಹೊಗಳಿತು.

ಆದರೆ ಈಚೆಗೆ ಅವನಿಗೆ ಒಂದು ಕೊರಗು ಹತ್ತಿತ್ತು. ಭಟ್ಟಿಗೆ ಕಾಲಿಟ್ಟರೆ ಅಕ್ಕಿ ಕೇರುವ ಹೆಂಗಸರ ಮಾತು ನಿಂತುಹೋಗುತ್ತಿತ್ತು. ಹೆಂಡತಿ ಬಡಿಸಿ, ಇನ್ನೇನು ಬೇಕು ಎಂದು ಕೇಳಿ, ಸುಮ್ಮನೆ ನಿಲ್ಲುತ್ತಿದ್ದಳು. ಟಿವಿ ರಿಮೋಟಿಗೆ ಅವನ ಜೊತೆ ಕಿತ್ತಾಡುತ್ತಿದ್ದ ಮಗಳು ಈಗ ಅವನು ಬಂದರೆ ಟಿವಿಯನ್ನೇ ಆರಿಸಿ ಒಳಗೆ ಹೋಗುತ್ತಿದ್ದಳು. ತುಂಬಿದ ಮನೆಯಲ್ಲಿ ಅವನೊಬ್ಬ ನೆಂಟನಂತೆ ಇದ್ದ. ಸಂಕಟವಾಗುತ್ತಿತ್ತು, ಯಾರಿಗೆ ಹೇಳಬೇಕೋ ತಿಳಿಯುತ್ತಿರಲಿಲ್ಲ. ಇದು ಮೇಲಿನ ಹಂತವಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಸ್ವಾಮಿಗಳ ಬಾಯಿಂದಲೂ ಅದೇ ಮಾತು ಬರಲಿ ಎಂಬುದು ಅವನ ಒಳಗಿನ ಆಸೆ.

“ಇದು ವೈರಾಗ್ಯದ ಮೊದಲ ಮೆಟ್ಟಿಲೇ, ಬುದ್ಧಿ? ಹಾಗಿದ್ದರೆ ಸಂಜೆಯೂ ಕೂರುತ್ತೇನೆ” ಎಂದ.

ಸ್ವಾಮಿಗಳಿಗೆ ನಗು ಬಂತು. ಮೆಟ್ಟಿಲ ಲೆಕ್ಕ ಆಮೇಲೆ ನೋಡೋಣ, ಮೊದಲು ಒಂದು ಕತೆ ಕೇಳು ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ನೂಲಿಗೆ ಬಣ್ಣ ಹಾಕಿಸಿ ನೇಕಾರರಿಗೆ ಮಾರುವುದು ಅವನ ಕಸುಬು. ಮನೆಯ ಮುಂದೆ ಅಂಗಡಿ, ಹಿಂದೆ ಬಣ್ಣದ ತೊಟ್ಟಿಗಳು. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡಿದ್ದರಿಂದ ಅಕ್ಕನೊಬ್ಬಳು ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಅವನು ಮೊದಲ ತೊಟ್ಟಿ ಇಟ್ಟಾಗ ಅದನ್ನು ಕಲಕಿದವಳೂ ಅವಳೇ. ನೀಲಿ ಕೈಯಲ್ಲೇ ಹಸೆಮಣೆ ಏರಿದಳು ಎಂದು ನೆಂಟರು ಬಹಳ ಕಾಲ ಆಡಿಕೊಂಡರು. ಮದುವೆಯಾದ ಮೇಲೆ ಅವಳು ಗಂಡನ ಊರಿನಲ್ಲಿದ್ದಳು. ಗಾಡಿ ಕಟ್ಟಿದರೆ ಅರ್ಧ ದಿನದ ದಾರಿ.

ವ್ಯಾಪಾರಿ ಮಹಾ ಸಿಡುಕ. ಬಣ್ಣ ಕೆಟ್ಟರೆ ಕೂಗಾಡುತ್ತಿದ್ದ. ಚೆನ್ನಾಗಿ ಬಂದರೆ, ಇನ್ನೂ ಚೆನ್ನಾಗಿ ಯಾಕೆ ಬರಲಿಲ್ಲ ಎಂದು ಕೂಗಾಡುತ್ತಿದ್ದ. ಬಣ್ಣಗಾರ ಹಸಿ ನೂಲಿನ ಲಡಿ ಹಿಡಿದು ಬರುತ್ತಿದ್ದ. ನೇಕಾರರು ದೂರು ಹೊತ್ತು ಬರುತ್ತಿದ್ದರು. ಹೆಂಡತಿ ಅಡುಗೆಮನೆಯಿಂದಲೇ ಜಗಳ ಶುರು ಮಾಡಿಕೊಂಡು ಬರುತ್ತಿದ್ದಳು. ಅವನು ಒಂದು ಬೈದರೆ ಅವರು ಎರಡು ತಿರುಗಿ ಹೇಳುತ್ತಿದ್ದರು. ಆಮೇಲೆ ಎಲ್ಲರೂ ಒಂದೇ ಕಡೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಮನೆ ಸಂತೆಯ ಹಾಗಿತ್ತು. ಪಾಪ, ವ್ಯಾಪಾರಿಗೆ ಮಾತ್ರ ಎದೆಯುರಿ. ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಒಮ್ಮೆ ಒಬ್ಬ ಸನ್ಯಾಸಿ ಅವನ ಜಗಲಿಯಲ್ಲಿ ಉಳಿದುಕೊಂಡ. ಇವನ ಅವಸ್ಥೆ ನೋಡಲಾರದೆ ಧ್ಯಾನಕ್ಕೆ ಕೂರುವುದನ್ನು ಹೇಳಿಕೊಟ್ಟ. ಕಣ್ಣು ಮುಚ್ಚಿ ಕೂರು, ಶಬ್ದ ಬಂದರೆ ಬರಲಿ, ಹೋದರೆ ಹೋಗಲಿ, ಅದರ ಬೆನ್ನು ಹತ್ತಬೇಡ ಎಂದ. ಅಷ್ಟು ಹೇಳಿ ತನ್ನ ದಾರಿ ಹಿಡಿದು ಹೋದ.

ವ್ಯಾಪಾರಿ ಬೀದಿ ಬದಿಯ ಕೋಣೆಯಲ್ಲಿ ಕೂರತೊಡಗಿದ. ತಾನು ಕೂತಿದ್ದೇನೆ ಎಂದು ಮನೆಯವರಿಗೆ ಗೊತ್ತಾಗಲಿ ಎಂದು ಬಾಗಿಲ ಚಿಲಕಕ್ಕೆ ಒಂದು ಬಿಳಿ ಬಟ್ಟೆ ಕಟ್ಟಿದ. ಮನೆಯವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಟ್ಟೆ ಕಂಡರೆ ತುದಿಗಾಲಲ್ಲಿ ನಡೆದರು. ಎಮ್ಮೆಯ ಕೊರಳ ಗಂಟೆಗೂ ಚಿಂದಿ ಸುತ್ತಿದರು. ಬಣ್ಣದ ಮನೆಯಲ್ಲಿ ಬಿಳಿ ಬಟ್ಟೆ ಬಿಳಿಯಾಗಿ ಉಳಿಯುವುದು ಕಷ್ಟ. ಹೆಂಡತಿ ಅದನ್ನು ಬೇರೆಯಾಗಿ ಒಗೆದು ಬೇರೆಯಾಗಿ ಒಣಗಿಸುತ್ತಿದ್ದಳು.

ಫಲವೂ ಸಿಕ್ಕಿತು, ಸುಳ್ಳು ಹೇಳಬಾರದು. ಅವನಿಗೆ ಹಸಿವಾಯಿತು, ನಿದ್ದೆ ಬಂತು, ಕೂಗಾಟ ಕಡಿಮೆಯಾಯಿತು. ಬೆಳಿಗ್ಗೆ ಕೂತು ಎದ್ದರೆ ಮೈ ಹಗುರಾಗುತ್ತಿತ್ತು. ಬಟ್ಟೆ ಬಿಚ್ಚಿ ಹೊರಗೆ ಬಂದರೆ ಅದೇ ಬಣ್ಣಗಾರ, ಅದೇ ದೂರು. ಆದರೂ ತಾಳಿಕೊಳ್ಳುತ್ತಿದ್ದ.

ಒಂದು ದಿನ ಬಟ್ಟೆ ಬಿಚ್ಚುವುದನ್ನು ಮರೆತ. ಧ್ಯಾನ ಮುಗಿಸಿ ಕೋಣೆಯಲ್ಲೇ ಕಾಲು ಚಾಚಿ ಸ್ವಲ್ಪ ಹೊತ್ತು ಕೂತ. ಯಾರೂ ಬರಲಿಲ್ಲ. ಬಣ್ಣಗಾರ ಬಾಗಿಲ ತನಕ ಬಂದು ಹಾಗೇ ತಿರುಗಿ ಹೋದದ್ದು ಕೇಳಿಸಿತು. ಮಧ್ಯಾಹ್ನವಾಯಿತು, ಆಗಲೂ ಯಾರೂ ಬರಲಿಲ್ಲ. ಇಂಥ ಸುಖವನ್ನು ಅವನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಸಂಜೆ ಹೊರಗೆ ಬಂದಾಗ ಚಿಲಕದ ಮೇಲೆ ಬಟ್ಟೆ ಕಂಡು ಅವನಿಗೆ ಕಾರಣ ಗೊತ್ತಾಯಿತು.

ಮರೆತದ್ದು ಅದೊಂದೇ ದಿನ. ಮರುದಿನ ನೆನಪಿಟ್ಟುಕೊಂಡೇ ಬಿಚ್ಚಲಿಲ್ಲ.

ಆಮೇಲೆ ಬಟ್ಟೆ ಇಡೀ ದಿನ ಚಿಲಕದ ಮೇಲೆಯೇ ಇರತೊಡಗಿತು. ಒಳಗೆ ಅವನು ಸ್ವಲ್ಪ ಹೊತ್ತು ಕೂರುತ್ತಿದ್ದ, ಆಮೇಲೆ ಮಲಗುತ್ತಿದ್ದ, ಕಿಟಕಿಯಿಂದ ಬೀದಿ ನೋಡುತ್ತಿದ್ದ, ಕಡಲೆಕಾಯಿ ಸುಲಿದು ತಿನ್ನುತ್ತಿದ್ದ. ಯಾರಿಗೂ ಸುಳ್ಳು ಹೇಳಲಿಲ್ಲ, ಕೇಳಿದವರೂ ಇಲ್ಲ. ಹೊರಗಿನವರು ಅವನನ್ನು ಬಿಟ್ಟು ಬದುಕುವುದನ್ನು ಕಲಿತರು. ಬಣ್ಣ ಸರಿ ಇದೆಯೋ ಇಲ್ಲವೋ ಬಣ್ಣಗಾರನೇ ನೋಡಿಕೊಂಡ. ನೇಕಾರರ ದೂರು ಹಿತ್ತಲಲ್ಲೇ ತೀರಿತು. ಮನೆಯ ಕಷ್ಟಸುಖ ಹೆಂಡತಿಯ ಸೆರಗಿನಲ್ಲೇ ಉಳಿಯಿತು. ಸಂಜೆ ಅವನು ಹೊರಗೆ ಬಂದರೆ ಎಲ್ಲರೂ ಎದ್ದು ನಿಂತು ನಗುತ್ತಿದ್ದರು. ತನ್ನ ಧ್ಯಾನದಿಂದ ಲೋಕವೇ ಸರಿಹೋಗಿದೆ ಎಂದು ವ್ಯಾಪಾರಿ ಹಿಗ್ಗಿದ.

ಹೀಗಿರುವಾಗ ಒಂದು ಬೆಳಿಗ್ಗೆ ಮನೆಯ ಮುಂದೆ ಗಾಡಿಯೊಂದು ನಿಂತಿತು. ಯಾರೋ ಗಂಡಸು ಏದುಸಿರು ಬಿಡುತ್ತ ಏನೋ ಹೇಳಿದ. ಹೆಂಡತಿ ಏನೋ ಕೇಳಿದಳು. ಆಮೇಲೆ ಅಳು. ವ್ಯಾಪಾರಿ ಆಗ ಧ್ಯಾನದಲ್ಲಿರಲಿಲ್ಲ, ಕಡಲೆಕಾಯಿ ಸುಲಿಯುತ್ತಿದ್ದ. ಅಳು ಕೇಳಿ ಕೈ ನಿಂತಿತು. ಏಳಬೇಕು ಅನಿಸಿತು. ಆಗ ಸನ್ಯಾಸಿಯ ಮಾತು ನೆನಪಾಯಿತು. ಶಬ್ದ ಬರುತ್ತದೆ, ಶಬ್ದ ಹೋಗುತ್ತದೆ. ಅವನು ಗಟ್ಟಿಯಾಗಿ ಕಣ್ಣು ಮುಚ್ಚಿ ಬೆನ್ನು ನೆಟ್ಟಗೆ ಮಾಡಿ ಕೂತ. ಅಳು ಬಾಗಿಲ ಹತ್ತಿರ ಬಂತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನಿಜವಾಗಿಯೂ ಹೋಯಿತು. ಗಾಡಿಯೂ ಹೋಯಿತು.

ಅವನು ಕಣ್ಣು ಬಿಟ್ಟು ತನ್ನ ಮನಸ್ಸನ್ನು ನೋಡಿಕೊಂಡ. ಅಲ್ಲಾಡಿರಲಿಲ್ಲ. ಹಿಂದಿನ ಕಾಲದಲ್ಲಾಗಿದ್ದರೆ ಬಿದ್ದಂಬೀಳ ಓಡಿ ಹೋಗುತ್ತಿದ್ದೆ, ಈಗ ನೋಡು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಸಂಜೆ ಊಟಕ್ಕೆ ಬಂದರೆ ಬಡಿಸಿದವಳು ಪಕ್ಕದ ಮನೆಯಾಕೆ. ಹೆಂಡತಿ ನಿಮ್ಮ ಅಕ್ಕನ ಊರಿಗೆ ಹೋಗಿದ್ದಾಳೆ ಎಂದಳು. ನೋಡಿಕೊಂಡು ಬರಲಿ, ಬಹಳ ದಿನವಾಯಿತು ಎಂದು ವ್ಯಾಪಾರಿ ಅನ್ನ ಕಲೆಸಿದ. ಯಾಕೆ ಹೋದಳು ಎಂದು ಕೇಳಲಿಲ್ಲ. ಪಕ್ಕದ ಮನೆಯಾಕೆ ಬಣ್ಣಗಾರ ಹೇಳಿಯಾನು ಎಂದುಕೊಂಡಳು, ಬಣ್ಣಗಾರ ಪಕ್ಕದ ಮನೆಯಾಕೆ ಹೇಳಿರಬೇಕು ಎಂದುಕೊಂಡ. ದಿನಗಳು ಕಳೆದವು.

ಕಡೆಗೆ ಅಕ್ಕನ ಊರಿನ ನೇಕಾರನೊಬ್ಬ ನೂಲಿಗೆ ಬಂದ. ಅವನು ಹೊರಗಿನವನು, ಬಿಳಿ ಬಟ್ಟೆಯ ಅರ್ಥ ಅವನಿಗೇನು ಗೊತ್ತು? ಬಾಗಿಲು ತಳ್ಳಿಕೊಂಡೇ ಒಳಗೆ ಬಂದು, ವ್ಯಾಪಾರಿಯ ಮುಖ ನೋಡಿ, ತಲೆಯ ರುಮಾಲು ತೆಗೆದ. ಅಕ್ಕನ ಮಣ್ಣಿಗೂ ನೀವು ಬರಲಿಲ್ಲವಲ್ಲ ಎಂದ. ಬರುತ್ತಾನೆ, ಗಾಡಿ ಕಳಿಸಿದ್ದೇನೆ, ನನ್ನ ತಮ್ಮ ಬಂದೇ ಬರುತ್ತಾನೆ ಎಂದು ಆಕೆ ಕಡೆಯ ಉಸಿರಿನ ತನಕ ಬಾಗಿಲ ಕಡೆಗೇ ನೋಡುತ್ತಿದ್ದಳಂತೆ.

ವ್ಯಾಪಾರಿಗೆ ಭೂಮಿ ಬಾಯಿಬಿಟ್ಟ ಹಾಗಾಯಿತು. ಹಿತ್ತಲಿಗೆ ಓಡಿದ. ಬಣ್ಣಗಾರನ ರಟ್ಟೆ ಹಿಡಿದು, “ಒಂದು ಮಾತು ಹೇಳಬಾರದಿತ್ತೇನೋ? ನಾನು ಬೈತೀನಿ ಅಂತ ಹೆದರಿದೆಯಾ?” ಎಂದು ಅತ್ತುಬಿಟ್ಟ.

ಬಣ್ಣಗಾರ ತಲೆ ತಗ್ಗಿಸಿದ. “ನಿಮ್ಮ ಸಿಟ್ಟಿಗೆ ನಾವು ಯಾವತ್ತೂ ಹೆದರಿಲ್ಲ ಧಣಿ. ಬೈದರೆ ಬೈಸಿಕೊಂಡು, ಹೇಳೋದನ್ನ ಹೇಳೇ ಹೋಗ್ತಿದ್ವಿ. ನಿಮ್ಮ ಶಾಂತಿಗೆ ಹೆದರಿದ್ವಿ.”

ಅವತ್ತು ಅಮ್ಮನವರು ಬಾಗಿಲಲ್ಲಿ ನಿಂತು ಬಟ್ಟೆಯ ಮೇಲೆ ಕೈ ಇಟ್ಟರು, ಇಷ್ಟು ವರ್ಷಕ್ಕೆ ಒಂದು ನೆಮ್ಮದಿ ಕಂಡಿದ್ದಾರೆ, ಹೇಗೆ ಎಬ್ಬಿಸಲಿ ಎಂದು ಕೈ ಹಿಂದಕ್ಕೆ ತೆಗೆದುಕೊಂಡರು, ಕಣ್ಣೊರೆಸಿಕೊಂಡು ತಾವೇ ಗಾಡಿ ಹತ್ತಿದರು ಎಂದೂ ಬಣ್ಣಗಾರ ಹೇಳಿದ. ವ್ಯಾಪಾರಿ ಕೇಳಿಸಿಕೊಂಡ. ತಾನು ಆಗ ಧ್ಯಾನದಲ್ಲಿರಲಿಲ್ಲ, ಕಡಲೆಕಾಯಿ ಸುಲಿಯುತ್ತಿದ್ದೆ ಎಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಹೆಂಡತಿ ಬಂದ ಮೇಲೂ ಹೇಳಲಾಗಲಿಲ್ಲ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡ ಮೇಲೆ ಅವನು ಪೂರ್ತಿ ಒಂಟಿಯಾದ.

ಚಿಲಕದ ಬಟ್ಟೆ ಬಿಚ್ಚಿ ಹಾಕಿದ. ಎರಡೂ ಬಾಗಿಲು ತೆರೆದು ಹೊಸ್ತಿಲ ಹತ್ತಿರವೇ ಕೂತ. ಬಣ್ಣಗಾರ ಲಡಿ ಹಿಡಿದು ಬರಲಿ, ಹೆಂಡತಿ ಜಗಳಕ್ಕೆ ಬರಲಿ ಎಂದು ಕಾದ. ಯಾರೂ ಬರಲಿಲ್ಲ. ಹಾದು ಹೋಗುವವರು ಅವನ ಕಡೆ ನೋಡಿ ನಕ್ಕು, ಮೆಲ್ಲಗೆ ಕಾಲಿಟ್ಟು ಹೋದರು. ಅವರಿಗೆ ಅದೇ ರೂಢಿಯಾಗಿತ್ತು. ಕಡೆಗೆ ಒಂದು ದಿನ ತಡೆಯಲಾರದೆ ಹಿಂದಿನ ಕಾಲದ ಹಾಗೆ ಮನೆ ಹಾರಿಹೋಗುವಂತೆ ಕೂಗಾಡಿದ. ಯಾರಾದರೂ ತಿರುಗಿ ಒಂದು ಮಾತು ಅಂದಾರು ಎಂಬ ಆಸೆ ಅವನಿಗೆ. ಪಾಪ, ಧ್ಯಾನ ಕೆಟ್ಟಿರಬೇಕು ಎಂದುಕೊಂಡ ಹೆಂಡತಿ, ಒಗೆದಿಟ್ಟ ಬಿಳಿ ಬಟ್ಟೆ ತಂದು ಚಿಲಕಕ್ಕೆ ಕಟ್ಟಿ, ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಕತೆ ಅಲ್ಲಿಗೆ ನಿಂತಿತು. ಹಾಗಾದರೆ ಧ್ಯಾನವನ್ನೇ ಬಿಟ್ಟುಬಿಡಲೇ ಎಂದು ಹಾಲೇಶಪ್ಪ ಕೇಳಿದ.

“ಕೂತದ್ದು ತಪ್ಪು ಎಂದು ನಾನು ಹೇಳಲಿಲ್ಲವಲ್ಲ. ಕೂತವನು ಏಳಲೂಬೇಕು” ಎಂದರು ಸ್ವಾಮಿಗಳು.

ಹಾಲೇಶಪ್ಪನಿಗೆ ಹೋದ ಉಸಿರು ಬಂದಂತಾಯಿತು. ಕತೆಯ ವ್ಯಾಪಾರಿಗೂ ತನಗೂ ಇರುವ ವ್ಯತ್ಯಾಸ ಅವನಿಗೆ ಹೊಳೆದಿತ್ತು.

“ಸದ್ಯ, ನಾನು ಯಾವ ಬಾಗಿಲಿಗೂ ಏನೂ ಕಟ್ಟಿಲ್ಲ ಬುದ್ಧಿ. ನಿಮ್ಮ ಆಶೀರ್ವಾದ, ಎರಡು ವರ್ಷದಿಂದ ಮನೆಯಿಂದಾಗಲಿ ಭಟ್ಟಿಯಿಂದಾಗಲಿ ಒಂದು ಕೆಟ್ಟ ಸುದ್ದಿ ಬಂದಿಲ್ಲ.”

ಸ್ವಾಮಿಗಳು ಅವನ ಮುಖವನ್ನೇ ನೋಡಿದರು.

“ಬಂದಿಲ್ಲವೋ, ನಿನ್ನ ತನಕ ಬಂದಿಲ್ಲವೋ?”